ಲಿಯೋನೆಯ ಕೊನೆಯ ಚಿತ್ರಕ್ಕೆ ಬಂದ ಎರಡು ತೀರ್ಪುಗಳು

ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನೆಯವರ ಕೊನೆಯ ಚಿತ್ರ 'ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ' 1984ರಲ್ಲಿ ಒಂದೇ ಹೆಸರಿನ ಎರಡು ಚಿತ್ರಗಳಾಗಿ ಜಗತ್ತಿನ ಮುಂದೆ ಬಂತು. ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ ಪ್ರತಿಯ ಅವಧಿ 229 ನಿಮಿಷ. ಜೂನ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಹೋದ ಪ್ರತಿಯದು 139 ನಿಮಿಷ. ಹಂಚಿಕೆದಾರರು ಒಂದೂವರೆ ತಾಸಿನಷ್ಟು ಚಿತ್ರವನ್ನು ಕತ್ತರಿಸಿದ್ದಷ್ಟೇ ಅಲ್ಲದೆ, ಮೂರು ಕಾಲಘಟ್ಟಗಳ ನಡುವೆ ಹಿಂದೆ ಮುಂದೆ ಚಲಿಸುತ್ತಿದ್ದ ಕಥೆಯನ್ನು ಬಾಲ್ಯ, ಯೌವನ, ಮುಪ್ಪು ಎಂದು ಸಾಲಾಗಿ ಜೋಡಿಸಿಬಿಟ್ಟಿದ್ದರು. ಸುಮಾರು ಮೂರು ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು 53 ಲಕ್ಷ ಡಾಲರ್‌ನ ಆಸುಪಾಸು. ಷಿಕಾಗೋದ ವಿಮರ್ಶಕ ರೋಜರ್ ಈಬರ್ಟ್ ಪೂರ್ಣ ಪ್ರತಿಗೆ ನಾಲ್ಕು ನಕ್ಷತ್ರ ಕೊಟ್ಟು, ಕತ್ತರಿಸಿದ ಪ್ರತಿಗೆ ಒಂದನ್ನು ಮಾತ್ರ ಕೊಟ್ಟರು. ನಟರು ಅವರೇ, ಸಂಗೀತ ಅದೇ, ದೃಶ್ಯಗಳೂ ಬಹುಮಟ್ಟಿಗೆ ಅವೇ ಆಗಿರುವಾಗ ತೀರ್ಪು ಇಷ್ಟು ದೂರ ಸರಿದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದುಕೊಂಡಿದೆ.

ಧಾರವಾಡದ ಮಾಳಮಡ್ಡಿಯಲ್ಲಿ ನಾವು ಕೆಲವರು ಸ್ನೇಹಿತರೊಬ್ಬರ ಮನೆಯಲ್ಲಿ ಸೇರಿ ಹಳೆಯ ಚಿತ್ರಗಳನ್ನು ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ಈ ಮಳೆಗಾಲದಲ್ಲಿ ಲಿಯೋನೆಯ ಪೂರ್ಣ ಪ್ರತಿಯನ್ನು ಎರಡು ಸಂಜೆಗಳಿಗೆ ಹಂಚಿಕೊಂಡು ನೋಡಿದೆವು. ನಂತರ ನಡೆದ ಚರ್ಚೆಯಲ್ಲಿ ಯಾರ ಅಭಿಪ್ರಾಯವೂ ಇನ್ನೊಬ್ಬರದರೊಂದಿಗೆ ಪೂರ್ತಿ ಕೂಡಲಿಲ್ಲ. ಆ ಚರ್ಚೆಯೇ ಈ ಬರಹಕ್ಕೆ ಕಾರಣ.

ಚಿತ್ರದ ಮೂಲ ಹ್ಯಾರಿ ಗ್ರೇ ಬರೆದ 'ದಿ ಹುಡ್ಸ್' ಎಂಬ ಕಾದಂಬರಿ. ನ್ಯೂಯಾರ್ಕ್ ನಗರದ ಬಡ ಯಹೂದಿ ಓಣಿಯಲ್ಲಿ ಬೆಳೆದ ಹುಡುಗರು ಸಣ್ಣ ಪುಟ್ಟ ಕಳ್ಳತನದಿಂದ ಆರಂಭಿಸಿ, ಮದ್ಯನಿಷೇಧದ ಕಾಲದಲ್ಲಿ ಕಳ್ಳಮದ್ಯದ ವ್ಯಾಪಾರದಿಂದ ದೊಡ್ಡವರಾಗುತ್ತಾರೆ. ಅಮೆರಿಕದಲ್ಲಿ ಸಂವಿಧಾನದ 18ನೆಯ ತಿದ್ದುಪಡಿಯ ಮೂಲಕ ಮದ್ಯದ ತಯಾರಿಕೆ, ಮಾರಾಟ ಮತ್ತು ಸಾಗಾಣಿಕೆ 1920ರ ಜನವರಿ 17ರಿಂದ ನಿಷೇಧಕ್ಕೊಳಗಾದವು. 1933ರ ಡಿಸೆಂಬರ್ 5ರಂದು 21ನೆಯ ತಿದ್ದುಪಡಿ ಆ ನಿಷೇಧವನ್ನು ರದ್ದುಮಾಡಿತು. ಕುಡಿಯುವುದನ್ನೇ ಆ ತಿದ್ದುಪಡಿ ಅಪರಾಧವೆಂದು ಹೇಳಿರಲಿಲ್ಲ. ಕುಡಿಯುವವರು ಹಾಗೆಯೇ ಉಳಿದರು, ಪೂರೈಸುವ ಕೆಲಸ ಮಾತ್ರ ಕಾನೂನಿನ ಹೊರಗಿನವರ ಪಾಲಾಯಿತು. ಇದನ್ನು ಲಿಯೋನೆ ಭಾಷಣವಿಲ್ಲದೆ ಒಂದು ಉಪಾಯದ ಮೂಲಕ ತೋರಿಸುತ್ತಾರೆ: ಪಹರೆಯವರು ಬಂದಾಗ ಕಳ್ಳಸಾಗಣೆದಾರರು ಸರಕನ್ನು ನೀರಿಗೆ ಎಸೆಯಬೇಕಾಗುತ್ತದೆ, ಹುಡುಗರು ಆ ಪೆಟ್ಟಿಗೆಗಳಿಗೆ ತೇಲುವ ಬುರುಡೆಗಳನ್ನೂ ಉಪ್ಪಿನ ಚೀಲಗಳನ್ನೂ ಕಟ್ಟುವ ಹಂಚಿಕೆ ಹೂಡುತ್ತಾರೆ. ಉಪ್ಪು ಕರಗುವವರೆಗೆ ಸರಕು ತಳದಲ್ಲಿ ಅಡಗಿರುತ್ತದೆ, ಕರಗಿದ ಮೇಲೆ ತಾನೇ ಮೇಲೆ ತೇಲಿ ಬರುತ್ತದೆ. ಪೆಟ್ಟಿಗೆ ನೀರಿನಿಂದ ಮೇಲೆದ್ದಾಗ ಆ ಮಕ್ಕಳು ಪಡುವ ಸಂತೋಷವನ್ನು ನೋಡುತ್ತ ನಾವೂ ಸಂತೋಷಪಡುತ್ತೇವೆ. ಆ ಕ್ಷಣಕ್ಕೆ ನಮಗೆ ಅವರ ಬುದ್ಧಿಯಷ್ಟೇ ಕಾಣುತ್ತದೆ, ಅಪರಾಧ ಕಾಣುವುದಿಲ್ಲ.

ಈ ದೃಶ್ಯ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ಎಂಬತ್ತು ದಾಟಿದ ನಿವೃತ್ತ ಮಾಸ್ತರರಿಗೆ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ, ಅಂದರೆ ಇಂದಿನ ಗದಗ ಮತ್ತು ಹಾವೇರಿಗಳೂ ಸೇರಿದ್ದ ದೊಡ್ಡ ಜಿಲ್ಲೆ, ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ 1949ರ ಮುಂಬಯಿ ಪಾನನಿಷೇಧ ಕಾಯಿದೆ ಜಾರಿಯಲ್ಲಿತ್ತು. ಗದಗಿನ ಸಮೀಪದ ಹಳ್ಳಿಯಲ್ಲಿ ಬೆಳೆದ ಮಾಸ್ತರರು, ಪೊಲೀಸರು ಬರುವ ಸುದ್ದಿ ತಿಳಿದೊಡನೆ ಭಟ್ಟಿಯ ಮಡಕೆಗಳು ತಿಪ್ಪೆಯೊಳಗೆ ಮಾಯವಾಗುತ್ತಿದ್ದುದನ್ನು ನೆನೆದರು. "ದಾರೂ ಬಂದ್ ಆದ ಮ್ಯಾಲ ನಮ್ಮೂರಾಗ ಕುಡಿಯೋರೇನ ಕಡಿಮಿ ಆಗ್ಲಿಲ್ರೀ, ಭಟ್ಟಿ ಇಳಿಸೋರು ಹೆಚ್ಚಾದ್ರು" ಎಂದು ಅವರು ಹೇಳಿದಾಗ, ನ್ಯೂಯಾರ್ಕಿನ ಕಥೆ ನಮಗೆ ಅಷ್ಟೇನೂ ದೂರದ್ದಾಗಿ ಉಳಿಯಲಿಲ್ಲ. ಆದರೆ ಮಡಕೆ ಬಚ್ಚಿಡುವ ಹಳ್ಳಿಗನಿಗೂ ಬಂದೂಕು ಹಿಡಿದು ನಗರ ಆಳುವವನಿಗೂ ಇರುವ ಅಂತರವನ್ನು ಮಾಸ್ತರರೇ ಒತ್ತಿ ಹೇಳಿದರು. ಚಿತ್ರದ ನಾಯಕನ ಬಗ್ಗೆ ಅವರಿಗೆ ಕೊನೆಯವರೆಗೂ ಕನಿಕರ ಹುಟ್ಟಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಚಿತ್ರದ ಆರಂಭದಲ್ಲಿ ನೂಡಲ್ಸ್ ಎಂಬ ಅಡ್ಡಹೆಸರಿನ ನಾಯಕ (ರಾಬರ್ಟ್ ಡಿ ನಿರೋ) ಅಫೀಮಿನ ಅಡ್ಡೆಯಲ್ಲಿ ಮಲಗಿದ್ದಾನೆ. ಒಂದು ಟೆಲಿಫೋನು ಬಾರಿಸತೊಡಗುತ್ತದೆ. ಮಳೆಯಲ್ಲಿ ನೆನೆಯುತ್ತ ಬಿದ್ದ ಗೆಳೆಯರ ಶವಗಳು ಬರುತ್ತವೆ, ಮದ್ಯನಿಷೇಧ ಮುಗಿದ ಸಂಭ್ರಮಕ್ಕೆ ಏರ್ಪಟ್ಟ ಔತಣ ಬರುತ್ತದೆ, ಫೋನು ಮಾತ್ರ ನಿಲ್ಲುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ಬಾರಿ ಅದು ಮೊಳಗುತ್ತದೆ. ಕೊನೆಗೆ ನೂಡಲ್ಸ್ ತಾನೇ ಒಂದು ಸಂಖ್ಯೆಗೆ ಕರೆಮಾಡುತ್ತಾನೆ, ಪೊಲೀಸ್ ಅಧಿಕಾರಿಯೊಬ್ಬನ ಮೇಜಿನ ಮೇಲಿನ ಫೋನನ್ನು ಯಾರೋ ಎತ್ತುತ್ತಾರೆ. ಅವನು ಏನು ಹೇಳಿದ, ಏಕೆ ಹೇಳಿದ ಎಂಬುದು ನಮಗೆ ತಿಳಿಯುವುದು ಮೂರು ತಾಸುಗಳ ಬಳಿಕ: ಗೆಳೆಯ ಮ್ಯಾಕ್ಸ್ (ಜೇಮ್ಸ್ ವುಡ್ಸ್) ಫೆಡರಲ್ ರಿಸರ್ವ್ ಬ್ಯಾಂಕನ್ನೇ ದೋಚುವ ಹುಚ್ಚಿಗೆ ಬಿದ್ದಾಗ, ಅವನ ಜೀವ ಉಳಿಸಲೆಂದು ನೂಡಲ್ಸ್ ತಮ್ಮ ಕೊನೆಯ ಮದ್ಯಸಾಗಣೆಯ ಸುಳಿವನ್ನು ಪೊಲೀಸರಿಗೆ ಕೊಟ್ಟಿರುತ್ತಾನೆ. ಕಾರಣ ತಿಳಿಯುವ ಮೊದಲೇ ನಾವು ತಪ್ಪಿತಸ್ಥ ಭಾವವನ್ನು ಹೊತ್ತುಕೊಂಡಿರುತ್ತೇವೆ. ಬಾಲ್ಯದ ಓಣಿ, ಉಪ್ಪಿನ ಚೀಲ, ಗೋಡೆಯ ಬಿರುಕಿನಿಂದ ಕಂಡ, ಅವನು ಮೆಚ್ಚಿದ ಹುಡುಗಿ ಡೆಬೊರಾಳ ನೃತ್ಯ, ಇವೆಲ್ಲವೂ ಗೆಳೆಯರನ್ನು ಒಪ್ಪಿಸಿದೆನೆಂದು ಮೂವತ್ತೈದು ವರ್ಷ ಬೆಂದ ಮನುಷ್ಯನೊಬ್ಬನ ನೆನಪುಗಳಾಗಿಯೇ ನಮ್ಮನ್ನು ತಲುಪುತ್ತವೆ.

ಸಾಲಾಗಿ ಜೋಡಿಸಿದ ಪ್ರತಿಯಲ್ಲಿ ಇದು ಉಳಿಯುವಂತಿರಲಿಲ್ಲ. ಹುಡುಗರು ಕದ್ದರು, ಬೆಳೆದರು, ಕೊಂದರು, ಸತ್ತರು, ಒಬ್ಬ ಮುದುಕನಾಗಿ ಮರಳಿದ ಎಂಬ ಘಟನಾವಳಿ ಮಾತ್ರ ಉಳಿಯಿತು. ನೆನೆಯುವವನು ಹೋದ ಮೇಲೆ ಪ್ರೇಕ್ಷಕನ ಎದುರು ಉಳಿದದ್ದು ನಡತೆಗೆಟ್ಟ ಕೆಲವರ ವರದಿ. ಅಂಥವರನ್ನು ನಾನೇಕೆ ನೋಡಬೇಕು ಎಂದು ಅಮೆರಿಕದ ಪ್ರೇಕ್ಷಕ ಎದ್ದು ಹೋದದ್ದರಲ್ಲಿ ನನಗೆ ಅವನ ತಪ್ಪು ಕಾಣುವುದಿಲ್ಲ. ಅವನು ತನ್ನ ಮುಂದೆ ಇಟ್ಟದ್ದನ್ನು ನ್ಯಾಯವಾಗಿಯೇ ಅಳೆದ. ಆ ವರ್ಷ ಚಿತ್ರಕ್ಕೆ ಒಂದೂ ಆಸ್ಕರ್ ನಾಮನಿರ್ದೇಶನ ಬರಲಿಲ್ಲ. ಎನ್ನಿಯೊ ಮೊರಿಕೋನೆಯವರ ಸಂಗೀತವೂ ಹೊರಗುಳಿಯಿತೆಂಬುದನ್ನು ಒಪ್ಪಿಕೊಳ್ಳಲು ನನಗೆ ಇಂದಿಗೂ ಕಷ್ಟವಾಗುತ್ತದೆ. ಚಿತ್ರೀಕರಣಕ್ಕೆ ಮೊದಲೇ ರಚನೆಯಾಗಿ, ನಟರು ಅಭಿನಯಿಸುವಾಗ ಸೆಟ್ಟಿನಲ್ಲೇ ಮೊಳಗುತ್ತಿದ್ದ ಸಂಗೀತವದು. ಬ್ರಿಟನ್ನಿನ ಬಾಫ್ಟಾ ಸಂಗೀತಕ್ಕೂ ವಸ್ತ್ರವಿನ್ಯಾಸಕ್ಕೂ ಪ್ರಶಸ್ತಿ ಕೊಟ್ಟಿತು.

ಆದರೆ ಪೂರ್ಣ ಪ್ರತಿಯನ್ನು ನೋಡಿದವರೆಲ್ಲ ಚಿತ್ರವನ್ನು ಕ್ಷಮಿಸುತ್ತಾರೆಂದು ಹೇಳಲಾಗದು. ನಮ್ಮ ಗುಂಪಿನಲ್ಲಿರುವ ಹುಬ್ಬಳ್ಳಿಯ ವಕೀಲೆಯೊಬ್ಬರು ಎರಡನೆಯ ಸಂಜೆ ಮುಗಿದೊಡನೆ ನೇರವಾಗಿ ಕೇಳಿದರು: "ಅಲ್ರೀ ಸರ, ಇಷ್ಟ ಚಂದ ಚಿತ್ರ ಮಾಡಿದ ಮನಿಶ್ಯಾಗ ಆ ಹೆಣ್ಮಗಳ ಮಾರಿ ಯಾಕ ಕಾಣಲಿಲ್ಲ?" ಚಿತ್ರದಲ್ಲಿ ಎರಡು ಅತ್ಯಾಚಾರಗಳಿವೆ. ಕಾರಿನಲ್ಲಿ ನೂಡಲ್ಸ್ ಡೆಬೊರಾಳ ಮೇಲೆ ಎಸಗುವ ಕೃತ್ಯವನ್ನು ಕ್ಯಾಮೆರಾ ಸಹಿಸಲಾಗದಷ್ಟು ಹೊತ್ತು ನೋಡುತ್ತದೆ. ಆದರೂ ಅಲ್ಲಿ ಚಿತ್ರ ನಾಯಕನ ಪಕ್ಷ ವಹಿಸುವುದಿಲ್ಲ, ತನ್ನ ಬದುಕಿನಲ್ಲಿ ಒಳ್ಳೆಯದೆಂದು ಉಳಿದಿದ್ದ ಒಂದೇ ಒಂದನ್ನು ಅವನು ತಾನೇ ಹಾಳುಮಾಡಿದನೆಂದು ತೋರಿಸುತ್ತದೆ ಎಂದು ನಾನು ವಾದಿಸಿದೆ, ಈಗಲೂ ಹಾಗೆಯೇ ನಂಬುತ್ತೇನೆ. ವಕೀಲೆ ಒಪ್ಪಲಿಲ್ಲ. ಹಾನಿಯಾದದ್ದು ಡೆಬೊರಾಳಿಗೆ, ಚಿತ್ರ ಲೆಕ್ಕ ಹಾಕುವುದು ನೂಡಲ್ಸ್‌ನ ನಷ್ಟವನ್ನು ಎಂದು ಅವರು ಹೇಳಿದ್ದಕ್ಕೆ ನನ್ನಲ್ಲಿ ಅರ್ಧ ಉತ್ತರವಷ್ಟೇ ಇತ್ತು. ಇನ್ನು ವಜ್ರ ದೋಚುವ ಸಂದರ್ಭದ ಕ್ಯಾರಲ್‌ಳ ವಿಷಯದಲ್ಲಿ ಅರ್ಧ ಉತ್ತರವೂ ಇಲ್ಲ. ಅವಳ ಮೇಲಿನ ಹಿಂಸೆಯನ್ನು ಚಿತ್ರ ಮುಂದೆ ನಗೆಯ ಪ್ರಸಂಗವನ್ನಾಗಿ ಮಾಡಿಕೊಳ್ಳುತ್ತದೆ, ಅವಳೇ ಅದನ್ನು ಬಯಸಿದ್ದಳೆಂಬಂತೆ ನಡೆದುಕೊಳ್ಳುತ್ತದೆ. ಅದು ಪಾತ್ರಗಳ ಕ್ರೌರ್ಯವಲ್ಲ, ಚಿತ್ರದ್ದೇ ಕ್ರೌರ್ಯ. ನಾನು ಇಷ್ಟು ಪ್ರೀತಿಸುವ ಕೃತಿಯಲ್ಲಿ ಆ ಭಾಗ ಕೆಟ್ಟದ್ದೆಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ನೂಡಲ್ಸ್ ಮುದುಕನಾಗಿ ಮರಳುವ 1968ರ ಭಾಗವೆಲ್ಲ ಅಫೀಮಿನ ಅಮಲಿನಲ್ಲಿ ಕಂಡ ಕನಸು ಎಂಬ ವ್ಯಾಖ್ಯಾನವೂ ಪ್ರೇಕ್ಷಕರಲ್ಲಿ ಬಹಳ ಪ್ರಚಲಿತವಾಗಿದೆ. ಲಿಯೋನೆಯವರೂ ಅದನ್ನು ತಳ್ಳಿಹಾಕಿರಲಿಲ್ಲ. ನನಗೆ ಅದು ಬೇಕೆನಿಸುವುದಿಲ್ಲ. ಸತ್ತನೆಂದುಕೊಂಡಿದ್ದ ಮ್ಯಾಕ್ಸ್ ಬೇಲಿ ಎಂಬ ಹೆಸರಿನಲ್ಲಿ ಮಂತ್ರಿಯಾಗಿ ಕುಳಿತು, ನನ್ನನ್ನು ಕೊಂದು ಸೇಡು ತೀರಿಸಿಕೋ ಎಂದು ನೂಡಲ್ಸ್‌ನ ಕೈಗೆ ತೀರ್ಪನ್ನು ಒಪ್ಪಿಸುತ್ತಾನೆ, ನೂಡಲ್ಸ್ ನಿರಾಕರಿಸುತ್ತಾನೆ. ತನ್ನ ಗೆಳೆಯ ಅಂದೇ ಸತ್ತನೆಂಬ ಹಳೆಯ ಕಥೆಯನ್ನು ಬಿಟ್ಟುಕೊಡಲು ಅವನು ಒಲ್ಲ. ಇದು ನಿಜವಾಗಿ ನಡೆದಿದ್ದರೆ ಮಾತ್ರ ಆ ನಿರಾಕರಣೆಗೆ ತೂಕವಿರುತ್ತದೆ.

ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯವರ ಬೆಂಬಲದಿಂದ ಸಿದ್ಧವಾದ 251 ನಿಮಿಷಗಳ ಪ್ರತಿ 2012ರಲ್ಲಿ ಕಾನ್‌ನಲ್ಲಿಯೇ ಪ್ರದರ್ಶನ ಕಂಡಿತು. ಸೇರಿಸಿದ ದೃಶ್ಯಗಳ ಬಣ್ಣ ಉಳಿದವುಗಳಿಗಿಂತ ಮಂಕಾಗಿರುವುದರಿಂದ ಹೊಲಿಗೆ ಎದ್ದು ಕಾಣುತ್ತದೆ. ಚಿತ್ರದ ಓಟಕ್ಕೆ 229 ನಿಮಿಷಗಳ ಪ್ರತಿಯೇ ಮೇಲೆಂದು ನನ್ನ ಮತ. ಆದರೆ ಆ ದೀರ್ಘ ಪ್ರತಿಯಲ್ಲಿ ಡೆಬೊರಾ ರಂಗದ ಮೇಲೆ ಕ್ಲಿಯೋಪಾತ್ರಳಾಗಿ ಅಭಿನಯಿಸುವ ದೃಶ್ಯವಿದೆ. ಮುಂಚಿನ ಪ್ರತಿಯಲ್ಲಿ ಅವಳು ದೊಡ್ಡ ನಟಿಯಾದಳೆಂದು ನಾವು ಕೇಳಿ ತಿಳಿಯುತ್ತೇವೆ, ಬಣ್ಣ ಒರೆಸಿಕೊಳ್ಳುವುದನ್ನಷ್ಟೇ ನೋಡುತ್ತೇವೆ. ಇಲ್ಲಿ ನೂಡಲ್ಸ್‌ಗೆ ಸಂಬಂಧವಿಲ್ಲದ ಅವಳದೇ ಕೆಲಸವನ್ನು ಕಣ್ಣಾರೆ ಕಾಣುತ್ತೇವೆ. ವಕೀಲೆಯ ಆಕ್ಷೇಪಕ್ಕೆ ಚಿತ್ರದೊಳಗಿಂದ ಸಿಗಬಹುದಾದ ಉತ್ತರ ಇದ್ದರೆ ಅದು ಆ ಕೆಲವು ನಿಮಿಷಗಳಲ್ಲಿದೆ ಎಂದು ನನಗನ್ನಿಸುವುದರಿಂದ, ಮುಂದಿನ ಸಲ ಆ ಪ್ರತಿಯನ್ನೇ ಹಾಕುವುದೆಂದು ಮಾಳಮಡ್ಡಿಯಲ್ಲಿ ಗೊತ್ತುಮಾಡಿಕೊಂಡಿದ್ದೇವೆ.