ಗೋಡೆಯಲ್ಲೊಂದು ತಡಮೆ

ನಮ್ಮ ಮನೆಯಿಂದ ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆಗೆ ನಡೆದು ಹೋಗಲು ಹನ್ನೊಂದು ತಡಮೆ ದಾಟಬೇಕು. ಇದು ಅಪ್ಪಚ್ಚಿಯ (ಅಪ್ಪನ ತಮ್ಮ) ಲೆಕ್ಕ, ಅವರು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಕಳೆದ ನವೆಂಬರಿನಲ್ಲಿ ನಾವಿಬ್ಬರೂ ನಡೆದಾಗ ಸಿಕ್ಕಿದ್ದು ನಾಲ್ಕು.

ತಡಮೆ ಅಂದರೆ ಏನು ಅಂತ ನನ್ನ ಶಾಲೆಯ ಮಕ್ಕಳಿಗೇ ಗೊತ್ತಿಲ್ಲ. ಅದಕ್ಕೆ ಇಲ್ಲೂ ಹೇಳುತ್ತೇನೆ. ಬೇಲಿ ಇರುವಲ್ಲಿ ಮನುಷ್ಯರು ದಾಟುವ ಹಾಗೆ, ದನ ದಾಟದ ಹಾಗೆ ಮಾಡಿಟ್ಟ ಜಾಗ. ಎರಡು ಗೂಟ, ಅಡ್ಡಕ್ಕೆ ಸೀಳಿದ ಅಡಕೆ ಮರದ ತುಂಡು. ಮಣ್ಣಿನ ಎತ್ತರದ ಅಂಚಾದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಎರಡು ಮೆಟ್ಟಿಲು. ಕಾಲೆತ್ತಿ ಆಚೆ ಇಟ್ಟರೆ ಆಯ್ತು. ಜಾಗ ಯಾರದ್ದೋ ಇರಬಹುದು, ನಡೆಯುವವರನ್ನು ಅಲ್ಲಿ ಯಾರೂ ತಡೆಯುತ್ತಿರಲಿಲ್ಲ.

ನಮ್ಮ ಮನೆ ಬಾಯಾರಿನ ಹತ್ತಿರ. ಗುಂಪೆಗೆ ಈಗ ಧರ್ಮತ್ತಡ್ಕದ ಕಡೆಯಿಂದ ಬುಡದ ತನಕ ರಸ್ತೆ ಇದೆ. ಭಾನುವಾರ ಸಂಜೆ ಕಾರು, ಬೈಕುಗಳಲ್ಲಿ ಬಂದು, ಸೂರ್ಯ ಮುಳುಗುವುದನ್ನು ನೋಡಿ ಹೋಗುವವರು ತುಂಬಾ ಜನ. ಅದು ತಪ್ಪಲ್ಲ. ನಾನೂ ಎಷ್ಟೋ ಸಲ ಹಾಗೇ ಹೋಗಿದ್ದೇನೆ. ಆದರೆ ಮನೆ ಅಂಗಳದಿಂದ ನಡೆದು ಹತ್ತಿದ ಮೇಲೆಯೇ ಆ ಗುಡ್ಡೆಗೂ ನಮ್ಮ ಮನೆಯ ನೀರಿಗೂ ಇರುವ ಸಂಬಂಧ ನನಗೆ ಅರ್ಥವಾದದ್ದು.

ಬೆಳಿಗ್ಗೆ ಆರಕ್ಕೆ ಹೊರಟೆವು. ಅಪ್ಪಚ್ಚಿಗೆ 73. ತಲೆಗೆ ಅಡಕೆ ಹಾಳೆಯ ಟೊಪ್ಪಿ, ಕೈಯಲ್ಲಿ ಕತ್ತಿ. ನನ್ನ ಚೀಲದಲ್ಲಿ ಅವಲಕ್ಕಿ, ಬೆಲ್ಲ, ನಾಲ್ಕು ಲೀಟರ್ ನೀರು. ಮೊದಲು ತೋಟ, ಆಮೇಲೆ ತೋಡಿನ ಕಾಲುಸಂಕ, ಆಮೇಲೆ ಗದ್ದೆ ಹುಣಿ (ಬದು). ಗದ್ದೆ ಅಂತ ಹೆಸರು ಮಾತ್ರ, ಈಗ ಅಲ್ಲಿ ಅಡಕೆ ಸಸಿ. ಅಲ್ಲಿಂದ ಓಣಿ ಶುರು. ಎರಡೂ ಬದಿ ಆಳೆತ್ತರದ ಮಣ್ಣಿನ ಗೋಡೆ, ಮೇಲೆ ಹೆಣೆದುಕೊಂಡ ಬಳ್ಳಿ. ಬೆಳಕು ಸರಿಯಾಗಿ ಬೀಳುವುದಿಲ್ಲ. ಅಪ್ಪಚ್ಚಿ ಕತ್ತಿಯಲ್ಲಿ ಬಳ್ಳಿ ಸವರುತ್ತಾ ಮುಂದೆ ಹೋದರು. ಒಂದು ಮಳೆಗಾಲ ಯಾರೂ ನಡೆಯದಿದ್ದರೆ ಸಾಕು, ಓಣಿ ಮುಚ್ಚಿ ಹೋಗುತ್ತದಂತೆ.

ಓಣಿಯ ತುದಿಯಲ್ಲಿ ನಿಲ್ಲಿಸಿದ ಎರಡು ಕಲ್ಲು, ಮೇಲೊಂದು ಅಡ್ಡ ಕಲ್ಲು. ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಜಾಗ. ಕಲ್ಲಿನ ಎತ್ತರ ಸರಿಯಾಗಿ ಹೆಗಲಿನಷ್ಟು. ಹಾಗಾಗಿ ಹೊರೆ ಇಳಿಸಲು, ಮತ್ತೆ ಎತ್ತಲು ಇನ್ನೊಬ್ಬರ ಸಹಾಯ ಬೇಡ. ಅಜ್ಜ ವಿಟ್ಲದ ಪೇಟೆಗೆ ಹೋಗುವಾಗ ಇಂಥದ್ದೇ ಕಲ್ಲಿನ ಮೇಲೆ ಅಡಕೆ ಮೂಟೆ ಇಡುತ್ತಿದ್ದರಂತೆ. ಆಗ ಬೆಟ್ಟ ಹತ್ತುವುದು ಅಂತ ಬೇರೆ ಒಂದು ಕೆಲಸ ಇರಲಿಲ್ಲ, ಎಲ್ಲಿಗೆ ಹೋಗಬೇಕಾದರೂ ಗುಡ್ಡೆ ದಾಟಲೇಬೇಕಿತ್ತು.

ಓಣಿ ಮುಗಿದರೆ ಪದವು, ಅಂದರೆ ಗುಡ್ಡೆಯ ಮೇಲಿನ ಕಲ್ಲಿನ ಬಯಲು. ಒಮ್ಮೆಗೇ ಆಕಾಶ ತೆರೆದುಕೊಳ್ಳುತ್ತದೆ. ಕಣ್ಣು ಹೋಗುವಷ್ಟು ದೂರ ಕಪ್ಪು-ಕೆಂಪು ಮುರಕಲ್ಲಿನ ಹಾಸು, ನಡುನಡುವೆ ಮೊಣಕಾಲೆತ್ತರದ ಮುಳಿಹುಲ್ಲು. ಮಳೆಗಾಲದಲ್ಲಿ ಇದೇ ಕಲ್ಲಿನ ಗುಳಿಗಳಲ್ಲಿ ನೀರು ನಿಂತು, ಬೆರಳಿನ ಉಗುರಿಗಿಂತ ಚಿಕ್ಕ ನೀಲಿ ಹೂಗಳು ಸಾವಿರಗಟ್ಟಲೆ ಅರಳುತ್ತವೆ. ಮಲಯಾಳದಲ್ಲಿ ಅದಕ್ಕೆ ಕಾಕ್ಕಪ್ಪೂವು ಅನ್ನುತ್ತಾರೆ, ಓಣಂ ಹಬ್ಬದ ಪೂಕ್ಕಳಕ್ಕೆ (ಹೂವಿನ ರಂಗೋಲಿ) ಕೊಯ್ಯುತ್ತಾರೆ. ಬುಡದ ಹತ್ತಿರ ಸಣ್ಣ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡ ಅದು. ಕಲ್ಲಿನ ಮೇಲೆ ಗೊಬ್ಬರ ಎಲ್ಲಿದೆ, ಅಲ್ವಾ? ನವೆಂಬರಿನಲ್ಲಿ ಅವು ಒಣಗಿದ್ದವು. ಮಕ್ಕಳನ್ನು ಆಗಸ್ಟಿನಲ್ಲೇ ಕರೆದುಕೊಂಡು ಹೋಗಬೇಕು.

ಈ ಪದವು ಸುಮ್ನೆ ಬೋಳು ಜಾಗ ಅಂದುಕೊಳ್ಳುವವರೇ ಜಾಸ್ತಿ. ಜೆಸಿಬಿ ತಂದು ಕಲ್ಲು ತೆಗೆಯುವುದೂ ಅದಕ್ಕೇ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಆದರೂ ಮಾರ್ಚ್ ಬಂದರೆ ನೀರಿಗೆ ಪರದಾಟ. ಮುರಕಲ್ಲು ತೂತು ತೂತಾದ ಕಲ್ಲು. ಪದವಿನ ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು, ಗುಡ್ಡೆಯ ಹೊಟ್ಟೆಯಲ್ಲಿ ತಂಗಿ, ಕೆಳಗೆ ನೀರಿಗೆಂದು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಜಿನುಗುತ್ತದೆ. ನಮ್ಮ ಮನೆಯ ಸುರಂಗ 40 ಕೋಲು ಉದ್ದ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಒಬ್ಬರೇ ನುಗ್ಗುವಷ್ಟು ಅಗಲ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬಂದು ಟ್ಯಾಂಕಿಗೆ ಬೀಳುತ್ತದೆ. ನಾನು ಹುಟ್ಟಿದಾಗಿನಿಂದ ಕುಡಿದ ನೀರು ಅದು. ಅದು ಎಲ್ಲಿಂದ ಬರುತ್ತದೆ ಅಂತ ಅಪ್ಪಚ್ಚಿ ಪದವಿನ ಮೇಲೆ ನಿಂತು, ಕೋಲು ನೆಟ್ಟು, "ಇಲ್ಲಿ" ಅಂತ ತೋರಿಸಿದರು.

ಇದೇ ಪದವಿನಲ್ಲಿ ಎರಡು ವರ್ಷದ ಹಿಂದೆ ಏಪ್ರಿಲಿನಲ್ಲಿ ನಾನೊಬ್ಬಳೇ ಹೋಗಿ ಕಷ್ಟಪಟ್ಟಿದ್ದೆ. ಹೊರಟದ್ದೇ ಹತ್ತು ಗಂಟೆಗೆ, ನೀರು ಒಂದೇ ಬಾಟಲಿ. ಕಲ್ಲಿನ ಕಾವು ಚಪ್ಪಲಿ ದಾಟಿ ಪಾದಕ್ಕೆ ಬರುತ್ತಿತ್ತು. ನೆರಳಿಗೆ ಒಂದು ಮರ ಇಲ್ಲ. ತಲೆ ತಿರುಗಿ, ಕಣ್ಣು ಕತ್ತಲೆ ಬಂದು, ಹೇಗೋ ಇಳಿದು ಮೊದಲು ಕಂಡ ಮನೆಯ ಜಗಲಿಯಲ್ಲಿ ಕೂತೆ. ಆ ಮನೆಯಾಕೆ ತುಳುವಿನಲ್ಲಿ "ಮುಲ್ಪ ಕುಲ್ಲುಲೆ ಅಕ್ಕ" (ಇಲ್ಲಿ ಕೂತುಕೊಳ್ಳಿ ಅಕ್ಕ) ಎಂದು ಚಾಪೆ ಹಾಕಿ, ಬೆಲ್ಲ-ನೀರು ಕೊಟ್ಟು, ಅರ್ಧ ಗಂಟೆ ಏಳಲು ಬಿಡಲಿಲ್ಲ. ಅವರ ಹೆಸರು ಕೇಳುವುದನ್ನೂ ಮರೆತೆ. ಈಗ ಬೇಸಿಗೆಯಲ್ಲಿ ಹೋಗುವುದಿಲ್ಲ. ಅಕ್ಟೋಬರಿನಲ್ಲಾದರೆ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲು ಬರುತ್ತದೆ, ಬಯಲಿನಲ್ಲಿ ನಮಗಿಂತ ಎತ್ತರದ್ದು ಯಾವುದೂ ಇರುವುದಿಲ್ಲ. ಎರಡು ಗಂಟೆಯೊಳಗೆ ಇಳಿದಿರಬೇಕು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಹಾವಸೆ, ಕಾಲು ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ನವೆಂಬರಿನಿಂದ ಜನವರಿಯ ತನಕ ಒಳ್ಳೆಯದು.

ಕೊನೆಯ ಏರು ಹುಲ್ಲಿನ ನಡುವೆ. ನಾನು ಏದುಸಿರು ಬಿಡುತ್ತಾ ಹಿಂದೆ ಬಿದ್ದೆ. "ಮೆಲ್ಲಂಗೆ ಬಾ ಕೂಸೇ" ಎಂದರು ಅಪ್ಪಚ್ಚಿ. ನನಗೆ 46 ವರ್ಷ, ಅವರಿಗೆ ನಾನು ಇನ್ನೂ ಕೂಸೇ. ಮೇಲೆ ಗಾಳಿ. ಪಡುವಣಕ್ಕೆ ಸಮುದ್ರದ ಬಿಳಿ ಗೆರೆ, ಬಡಗಣಕ್ಕೆ ಮಂಗಳೂರು, ಮೂಡಣಕ್ಕೆ ಘಟ್ಟದ ಸಾಲು. ಆ ದಿನ ಕುದುರೆಮುಖವೂ ಕಂಡಿತು. ಅಪ್ಪಚ್ಚಿ ಮಾತ್ರ ಅದೆಲ್ಲ ಬಿಟ್ಟು ನಮ್ಮ ತೋಟ ಎಲ್ಲಿದೆ ಅಂತ ಹುಡುಕುತ್ತಿದ್ದರು.

ಕಾಸರಗೋಡಿನಲ್ಲಿ ಬೆಟ್ಟ ಹತ್ತುವುದು ಎಂದರೆ ಎಲ್ಲರೂ ಹೇಳುವುದು ರಾಣಿಪುರಂ. ಮೊದಲು ಅದರ ಹೆಸರು ಮಾಡತ್ತುಮಲ. ಚೆಂದದ ಜಾಗ, ಕಾಡು, ಮೇಲೆ ಹುಲ್ಲುಗಾವಲು, ಮಳೆಗಾಲದಲ್ಲಿ ಉಂಬಳದ ಕಾಟ. ಅರಣ್ಯ ಇಲಾಖೆಯ ಟಿಕೆಟ್ ಇದೆ, ದಾರಿ ಗುರುತು ಇದೆ. ಅದನ್ನು ನೋಡಿಕೊಳ್ಳುವವರಿದ್ದಾರೆ. ನಮ್ಮ ಓಣಿ, ಪದವುಗಳಿಗೆ ಯಾರಿದ್ದಾರೆ?

ಈಗ ಗೋಡೆಯ ವಿಷಯ. ಓಣಿಯ ಬುಡದಲ್ಲಿ ಐದನೇ ತಡಮೆ ಇದ್ದ ಕಡೆ ಈಗ ಮುರಕಲ್ಲಿನ ಗೋಡೆ ಇದೆ, ಐದಡಿ ಎತ್ತರ. ನಾವು ಸುತ್ತು ಹಾಕಿ, ಮುಳ್ಳು ತುಳಿದು ಮೇಲೆ ಹೋದೆವು. ಅಪ್ಪಚ್ಚಿಯ ಕಾಲಿಗೆ ಗಾಯವಾಯಿತು. ಮರುವಾರ ಅವರು ಗೋಡೆ ಕಟ್ಟಿಸಿದವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಎಲೆ-ಅಡಕೆ ಹಾಕುತ್ತಾ ಮಾತಾಡಿದರು. ಜಾಗದವರ ಬೇಸರವೂ ನಿಜವೇ. ಗುಡ್ಡೆಗೆ ಹೋಗುವವರು ಬಾಟಲಿ ಒಡೆದು ತೋಟಕ್ಕೆ ಎಸೆದಿದ್ದಾರೆ, ಕೆಲಸದಾಕೆಯ ಪಾದ ಕೊಯ್ದಿದೆ. ಅಪ್ಪಚ್ಚಿ ಅದಕ್ಕೆ ವಾದ ಮಾಡಲಿಲ್ಲ. ಗೋಡೆ ಒಡೆಯಲೂ ಹೇಳಲಿಲ್ಲ. ಎರಡೂ ಬದಿ ಮೂರು ಕಲ್ಲು ಹೊರಗೆ ಚಾಚಿ ಕಟ್ಟಿಸಿ, ಹತ್ತಿ ಇಳಿಯುವುದಕ್ಕೆ ಅಷ್ಟು ಸಾಕು ಎಂದರು. ನೋಡುವ ಎಂದರಂತೆ ಜಾಗದವರು.

ನಿಮ್ಮಲ್ಲಿ ಯಾರಾದರೂ ಗುಡ್ಡೆಯ ಬದಿಯಲ್ಲಿ ಗೋಡೆ ಕಟ್ಟಿಸುತ್ತಿದ್ದರೆ ನನ್ನದೂ ಅದೇ ಕೋರಿಕೆ. ಆರು ಕಲ್ಲು, ಮೇಸ್ತ್ರಿಗೆ ಅರ್ಧ ದಿನದ ಕೆಲಸವೂ ಅಲ್ಲ. ಗುಡ್ಡೆಗೆ ಹೋಗುವವರಲ್ಲೂ ಒಂದು ಮಾತು: ಒಯ್ದ ಬಾಟಲಿಯನ್ನು ಚೀಲದಲ್ಲೇ ವಾಪಸು ತನ್ನಿ.

ಮೊನ್ನೆ ಗುರುವಾರ ಅಪ್ಪಚ್ಚಿ ಫೋನ್ ಮಾಡಿದ್ದರು. ನಮ್ಮ ಬದಿಗೆ ಮೂರು ಕಲ್ಲು ಬಂದಿದೆ, ಆಚೆ ಬದಿಯದ್ದು ಹತ್ತಿ ನೋಡಿದರೇ ಗೊತ್ತಾಗುವುದು ಎಂದರು. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ.