ಊರೇ ಮಾಲೀಕ ಆದಾಗ

ಇಂಡೋನೇಷ್ಯಾದ ಹಳ್ಳಿಗಳಲ್ಲಿ ಬುಮ್‌ದೆಸ್ ಅಂತ ಇದೆ. ಊರೇ ಮಾಲೀಕನಾಗಿರುವ ಉದ್ಯಮ.

ಇದು ಯಾಕೆ ಬೇಕು ಅಂದ್ರೆ, ಸುಗ್ಗಿ ಹೊತ್ತನ್ನು ನೋಡಿ. ಹಸಿ ಭತ್ತ ಟಾರ್ಪಾಲಿನ ಮೇಲೆ ಹರಡಿದೆ, ಮೋಡ ಕವಿಯುತ್ತಿದೆ, ಒಣಗಿಸಲು ಜಾಗ ಇಲ್ಲ, ಸಾಲ ಬೇರೆ, ಹಾಗಾಗಿ ರೈತ ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟುಬಿಡುತ್ತಾನೆ, ಕೆಲವು ತಿಂಗಳಾದ ಮೇಲೆ ಅಕ್ಕಿಗೆ ತಾನೇ ಜಾಸ್ತಿ ದುಡ್ಡು ಕೊಡುತ್ತಾನೆ. ಬುಮ್‌ದೆಸ್ ಆ ಭತ್ತ ಕೊಂಡು, ಒಣಗಿಸಿ, ಗೋದಾಮಿನಲ್ಲಿಟ್ಟರೆ ಅನ್ನ ಊರಲ್ಲೇ ಉಳಿಯುತ್ತದೆ ಅಲ್ವಾ?

2014ರ 6ನೇ ಕಾಯ್ದೆ, ಅಂದ್ರೆ ಹಳ್ಳಿಗಳ ಕಾಯ್ದೆ, ಹಳ್ಳಿಗಳಿಗೆ ಇಂಥ ಉದ್ಯಮ ಕಟ್ಟಲು ಅವಕಾಶ ಕೊಟ್ಟಿತು. ಆದರೆ ಕಾನೂನಿನ ಕಣ್ಣಲ್ಲಿ ಅದು ಏನು ಅನ್ನುವುದೇ ಗೊಂದಲವಾಗಿತ್ತು. 2020ರ ಉದ್ಯೋಗ ಸೃಷ್ಟಿ ಕಾಯ್ದೆ, ಆಮೇಲೆ 2021ರ 11ನೇ ಸರ್ಕಾರಿ ನಿಯಮ ಬಂದು ಆ ಗೊಂದಲ ಬಗೆಹರಿಯಿತು. ಈಗ ನೋಂದಣಿಯಾದ ಬುಮ್‌ದೆಸ್ ಒಂದು ಕಾನೂನುಬದ್ಧ ಸಂಸ್ಥೆ. ತನ್ನ ಹೆಸರಲ್ಲೇ ಕರಾರು ಮಾಡಬಹುದು, ಆಸ್ತಿ ಇಟ್ಟುಕೊಳ್ಳಬಹುದು. ಗಿರಣಿ ನಡೆಸುವವರಿಗೆ ಇದು ಸಣ್ಣ ಮಾತಲ್ಲ.

2025ರಲ್ಲಿ ಹಳ್ಳಿ ನಿಧಿಯ (ಕೇಂದ್ರ ಸರ್ಕಾರ ಹಳ್ಳಿಗಳಿಗೆ ಕೊಡುವ ಹಣ) ಕನಿಷ್ಠ 20 ಶೇಕಡಾ ಹಣವನ್ನು ಆಹಾರ ಭದ್ರತೆಗೆ ಇಡಬೇಕು, ಬುಮ್‌ದೆಸ್ ಅಥವಾ ಅಂಥ ಊರ ಸಂಸ್ಥೆಗಳ ಮೂಲಕ ಖರ್ಚು ಮಾಡಬೇಕು ಅಂತ ಗ್ರಾಮ ಸಚಿವಾಲಯ ಹೇಳಿತು. ನನ್ನ ಆತಂಕ ಇಲ್ಲೇ ಇದೆ. ಬುಮ್‌ದೆಸ್ ಹುಟ್ಟಬೇಕಾದ್ದು ಗ್ರಾಮಸಭೆಯಲ್ಲಿ. ದುಡ್ಡು ಬಂತು ಅಂತ ಸುಮ್ನೆ ಸಹಿ ಹಾಕಿಸಿಕೊಂಡರೆ ಗೋದಾಮಿಗೆ ಬೀಗ ಬೀಳುತ್ತದೆ, ಭತ್ತ ಮತ್ತೆ ದಲ್ಲಾಳಿಯ ಲಾರಿ ಹತ್ತುತ್ತದೆ.