ಗ್ರಹಾಂ ಅವರ ಏಳು ಪರೀಕ್ಷೆ, ನಮ್ಮ ವಾರ್ಷಿಕ ವರದಿಗಳು: ಓದು ಎಲ್ಲಿಗೆ ಬಂತು

ಅಮೆರಿಕದ ಹೂಡಿಕೆದಾರ ಬೆಂಜಮಿನ್ ಗ್ರಹಾಂ ಅವರ ಪುಸ್ತಕ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ 14ನೇ ಅಧ್ಯಾಯದವರೆಗೆ ಮುಗಿದಿದೆ. ರಿಸ್ಕ್ ಬೇಡವೆನ್ನುವ ಹೂಡಿಕೆದಾರ ಷೇರು ಆರಿಸಲು ಬೇಕಾದ ಏಳು ಪರೀಕ್ಷೆಗಳು ಆ ಅಧ್ಯಾಯದಲ್ಲಿವೆ. ಬರೀ ಓದಿದರೆ ಈ ಅಧ್ಯಾಯ ತಲೆಯಲ್ಲಿ ನಿಲ್ಲದು. ಹಾಗಾಗಿ ಒಂದೊಂದು ಪರೀಕ್ಷೆಯನ್ನೂ ನಮ್ಮ ಕಂಪನಿಗಳ ವಾರ್ಷಿಕ ವರದಿಗೆ ಹಚ್ಚಿ ನೋಡುವ ಕೆಲಸ ನಡೆದಿದೆ.

ಸ್ಪ್ರೆಡ್‌ಶೀಟ್: ಸಿದ್ಧ

ಕಂಪನಿಗೊಂದು ಹಾಳೆ, ಹಣಕಾಸು ವರ್ಷಕ್ಕೊಂದು ಸಾಲು, ಒಟ್ಟು ಹತ್ತು ಸಾಲು. ಕಾಲಂಗಳು: ಮಾರಾಟ, ನಿವ್ವಳ ಲಾಭ, ಇಪಿಎಸ್ (ಒಂದು ಷೇರಿನ ಪಾಲಿಗೆ ಬಂದ ಲಾಭ), ಡಿವಿಡೆಂಡ್, ಚಾಲ್ತಿ ಆಸ್ತಿ (ವರ್ಷದೊಳಗೆ ನಗದಾಗುವಂಥದ್ದು), ಚಾಲ್ತಿ ಹೊಣೆ (ವರ್ಷದೊಳಗೆ ತೀರಿಸಬೇಕಾದದ್ದು), ದೀರ್ಘಾವಧಿ ಸಾಲ, ಪುಸ್ತಕ ಮೌಲ್ಯ (ಆಸ್ತಿಯಿಂದ ಹೊಣೆಯೆಲ್ಲ ಕಳೆದು ಒಂದು ಷೇರಿಗೆ ಉಳಿಯುವುದು). ಅಂಕಿಗಳೆಲ್ಲ ಕನ್ಸಾಲಿಡೇಟೆಡ್ (ಅಂಗಸಂಸ್ಥೆಗಳನ್ನೂ ಸೇರಿಸಿದ) ಲೆಕ್ಕದವೇ ಆಗಿರಬೇಕು. ಒಂದು ವರ್ಷ ಸ್ಟ್ಯಾಂಡ್‌ಅಲೋನ್ (ಮೂಲ ಕಂಪನಿಯದ್ದಷ್ಟೇ) ಲೆಕ್ಕ ನುಸುಳಿದರೂ ಹೋಲಿಕೆ ಕೆಟ್ಟಿತು. ಚಾಲ್ತಿ ಆಸ್ತಿ ಚಾಲ್ತಿ ಹೊಣೆಯ ಎರಡು ಪಟ್ಟಾದರೂ ಇರಬೇಕು ಎಂಬ ಪರೀಕ್ಷೆಗೆ ಬ್ಯಾಂಕುಗಳನ್ನು ಒಡ್ಡುವಂತಿಲ್ಲ, ಅವುಗಳ ಬ್ಯಾಲೆನ್ಸ್ ಶೀಟಿನಲ್ಲಿ ಆ ವಿಂಗಡಣೆಯೇ ಇರದು.

ಇಪಿಎಸ್ ಕಾಲಂ: ಹೆಚ್ಚು ಹೊತ್ತು ತಿಂದದ್ದು ಇದೇ

ಇನ್ಫೋಸಿಸ್ 2014, 2015 ಮತ್ತು 2018ರಲ್ಲಿ 1:1 ಬೋನಸ್ ಷೇರು (ಇದ್ದ ಒಂದಕ್ಕೆ ಇನ್ನೊಂದು ಉಚಿತ) ಕೊಟ್ಟಿತು. ಮೊದಲು ಇದ್ದ ಒಂದು ಷೇರು ಎಂಟಾಯಿತು. 2013-14ರ ವರದಿಯಲ್ಲಿ ಇಪಿಎಸ್ ಸುಮಾರು 186 ರೂ., 2018-19ರಲ್ಲಿ ಸುಮಾರು 35 ರೂ. ಹಾಗೆಯೇ ತುಂಬಿದರೆ ಗಳಿಕೆ ನೆಲಕಚ್ಚಿದಂತೆ ಕಾಣುತ್ತದೆ. 186ನ್ನು 8ರಿಂದ ಭಾಗಿಸಿ: 23 ರೂ. ಚಿಲ್ಲರೆ. ಅಂದರೆ ಗಳಿಕೆ ಏರಿದೆ! ಮುಖಬೆಲೆ (ಷೇರಿಗೆ ನಮೂದಿಸಿದ ಮೂಲ ಬೆಲೆ) ನೋಡಿ ಇದನ್ನು ಪತ್ತೆ ಹಚ್ಚಲಾಗದು. ಷೇರು ವಿಭಜನೆಯಾದರೆ ಮುಖಬೆಲೆ ಇಳಿಯುತ್ತದೆ, ಬೋನಸ್‌ನಲ್ಲಿ ಇದ್ದಲ್ಲೇ ಇರುತ್ತದೆ. ಹೊಸ ವರದಿಯ ಲೆಕ್ಕಪತ್ರದಲ್ಲೂ ಸರಿಪಡಿಸಿ ಕೊಡುವುದು ಆ ವರ್ಷ ಮತ್ತು ಹಿಂದಿನ ವರ್ಷದ ಇಪಿಎಸ್ ಮಾತ್ರ. ಅದಕ್ಕಿಂತ ಹಳೆಯದನ್ನು ನಾವೇ ಭಾಗಿಸಿಕೊಳ್ಳಬೇಕು. ಆದ್ದರಿಂದ ಎಷ್ಟರಿಂದ ಭಾಗಿಸಬೇಕೆಂದು ಬರೆದಿಡಲು ‘ಗುಣಕ’ ಎಂಬ ಇನ್ನೊಂದು ಕಾಲಂ ಸೇರಿತು.

ಬೆಳವಣಿಗೆ: ಮಿತಿ ಬದಲಿಸಿದ್ದು ಇಲ್ಲಿ ಮಾತ್ರ

ಹತ್ತು ವರ್ಷದಲ್ಲಿ ಇಪಿಎಸ್ ಮೂರನೇ ಒಂದು ಭಾಗದಷ್ಟು ಏರಿದ್ದರೆ ಸಾಕು ಎನ್ನುತ್ತಾರೆ ಗ್ರಹಾಂ. ಮೊದಲ ಮೂರು ವರ್ಷ ಮತ್ತು ಕೊನೆಯ ಮೂರು ವರ್ಷದ ಸರಾಸರಿ ಹಿಡಿಯಬೇಕು. ವರ್ಷಕ್ಕೆ ಲೆಕ್ಕ ಹಾಕಿದರೆ ಇದು ಸುಮಾರು 2.9%. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿಯೇ 4%, ಹತ್ತು ವರ್ಷಕ್ಕೆ 48% ಆಯಿತು. ಗ್ರಹಾಂ ಮಿತಿಯನ್ನು ದಾಟಿದ ಕಂಪನಿಯೂ ನಮ್ಮಲ್ಲಿ ನಿಜಕ್ಕೆ ಹಿಂದೆ ಸರಿದಿರಬಹುದು. ನಮ್ಮ ಹಾಳೆಯ ಮಿತಿ: ಹತ್ತು ವರ್ಷದಲ್ಲಿ ಇಪಿಎಸ್ ದುಪ್ಪಟ್ಟಾಗಬೇಕು, ಅಂದರೆ ವರ್ಷಕ್ಕೆ ಸುಮಾರು 7.2%. ಸರಾಸರಿಯ ನಿಯಮ ಮಾತ್ರ ಬಿಡಬೇಡಿ, 2020-21ರಂಥ ಒಂದು ವರ್ಷವೇ ಇಡೀ ಚಿತ್ರ ಕೆಡಿಸಬಲ್ಲದು.

ಬೆಲೆ: ಸೂತ್ರ ಕೂರಿಸಿದೆ

ಪಿ/ಇ (ಷೇರು ಬೆಲೆ ಇಪಿಎಸ್‌ನ ಎಷ್ಟು ಪಟ್ಟು) 15, ಪಿ/ಬಿ (ಷೇರು ಬೆಲೆ ಪುಸ್ತಕ ಮೌಲ್ಯದ ಎಷ್ಟು ಪಟ್ಟು) 1.5 ಮೀರಬಾರದು; ಒಂದು ಕಡಿಮೆಯಿದ್ದರೆ ಇನ್ನೊಂದು ಏರಬಹುದು, ಗುಣಲಬ್ಧ 22.5ರೊಳಗಿದ್ದರಾಯಿತು. ಮೂರು ವರ್ಷದ ಸರಾಸರಿ ಇಪಿಎಸ್ 24 ರೂ., ಪುಸ್ತಕ ಮೌಲ್ಯ 160 ರೂ. ಎಂದಿಟ್ಟುಕೊಳ್ಳಿ. 22.5 × 24 × 160 = 86,400; ಇದರ ವರ್ಗಮೂಲ ಸುಮಾರು 294. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಐಟಿ ಕಂಪನಿಗಳು ಬಹುಪಾಲು ಇಲ್ಲೇ ಸೋಲುತ್ತವೆ. ಅವುಗಳ ಬಂಡವಾಳ ಅಲ್ಲಿ ದುಡಿಯುವ ಜನ, ಆ ಬೆಲೆ ಬ್ಯಾಲೆನ್ಸ್ ಶೀಟಿಗೆ ಬರುವುದಿಲ್ಲ. ಸೂತ್ರದ ಉತ್ತರವನ್ನು ಅವುಗಳ ಮಟ್ಟಿಗೆ ತೀರ್ಪೆಂದು ಹಿಡಿಯುವುದು ತಪ್ಪು.

ಬಾಕಿ

20 ವರ್ಷ ಬಿಡದೆ ಡಿವಿಡೆಂಡ್ ಕೊಟ್ಟಿದೆಯೇ ಎಂಬುದಕ್ಕೆ ಹತ್ತು ವರದಿ ಸಾಲವು. ಹಳೆಯ ವರದಿಗಳನ್ನೂ ತೆಗೆಯಬೇಕು. ಆಮೇಲೆ ಪುಸ್ತಕದಲ್ಲಿಲ್ಲದ ಒಂದು ಕಾಲಂ: ಹತ್ತು ವರ್ಷದ ನಿವ್ವಳ ಲಾಭದ ಮೊತ್ತದ ಪಕ್ಕದಲ್ಲಿ, ವ್ಯವಹಾರದಿಂದ ಕೈಗೆ ಬಂದ ನಗದಿನ ಮೊತ್ತ. ಎರಡನೆಯದು ತೀರಾ ಕಡಿಮೆಯಿದ್ದರೆ ಮೊದಲು ತೆರೆಯಬೇಕಾದದ್ದು ಗಿರಾಕಿಗಳಿಂದ ಬರಬೇಕಾದ ಬಾಕಿಯ ಟಿಪ್ಪಣಿ.